ಮೂರ್ಛೆ ಮತ್ತು ಮಧುಮೇಹ

ಎಚ್ಚರವಾಗಿದ್ದ ವ್ಯಕ್ತಿ ಇದ್ದಕ್ಕಿದ್ದಂತೆ ಕುಸಿದು, ಕೈಕಾಲು ಸೆಟೆದು ಅದುರಿ, ಬಾಯಲ್ಲಿ ನೊರೆ ಕಾಣಿಸಿಕೊಂಡರೆ ಸುತ್ತಲಿನವರು ಅದನ್ನು ಮೂರ್ಛೆರೋಗವೆಂದು ಕೂಡಲೇ ನಿರ್ಧರಿಸಿಬಿಡುತ್ತಾರೆ. ಈ ನಿರ್ಧಾರ ಹಲವು ಸಲ ಸರಿಯಾಗಿರುವುದಿಲ್ಲ. ಸೆಳವು, ಅಂದರೆ ಜನಸಾಮಾನ್ಯರು ಫಿಟ್ಸ್ ಎಂದು ಕರೆಯುವುದು, ಒಂದು ಲಕ್ಷಣ ಮಾತ್ರ. ಹೊರಗಿನ ತಕ್ಷಣದ ಕಾರಣವಿಲ್ಲದೆ ಸೆಳವು ಮತ್ತೆ ಮತ್ತೆ ಬರುವ ಮಿದುಳಿನ ವ್ಯಾಧಿಗೆ ಮೂರ್ಛೆರೋಗ ಅಥವಾ ಅಪಸ್ಮಾರ ಎಂದು ಹೆಸರು. ತಕ್ಷಣದ ಕಾರಣವೊಂದರಿಂದ ಹುಟ್ಟಿ, ಆ ಕಾರಣ ನಿವಾರಣೆಯಾದೊಡನೆ ನಿಲ್ಲುವ ಸೆಳವು ಅಪಸ್ಮಾರವಲ್ಲ. ಇಂಥ ಕಾರಣಗಳ ಪೈಕಿ ರಕ್ತದಲ್ಲಿನ ಸಕ್ಕರೆಯ ಏರುಪೇರು ಬಹು ಮುಖ್ಯವಾದುದು.

ಈ ವ್ಯತ್ಯಾಸ ಕೇವಲ ಶಾಸ್ತ್ರಚರ್ಚೆಯ ವಿಷಯವಲ್ಲ. ಮೂರ್ಛೆರೋಗಿ ಎಂಬ ಹೆಸರು ಒಮ್ಮೆ ಅಂಟಿಕೊಂಡರೆ ಉದ್ಯೋಗಕ್ಕೂ ಮದುವೆಗೂ ಅಡ್ಡಿಯಾಗುವುದನ್ನು ನಮ್ಮ ಸಮಾಜ ಕಂಡಿದೆ. 1999ರಲ್ಲಿ ತಿದ್ದುಪಡಿಯಾಗುವವರೆಗೆ ಹಿಂದೂ ವಿವಾಹ ಕಾಯಿದೆಯೇ ಮರುಕಳಿಸುವ ಮೂರ್ಛೆಯನ್ನು ವಿವಾಹಕ್ಕೆ ತೊಡಕೆಂದು ಎಣಿಸಿತ್ತು. ಅಪಸ್ಮಾರವುಳ್ಳವರಿಗೇ ಇದು ಅನ್ಯಾಯ. ಅಪಸ್ಮಾರವೇ ಇಲ್ಲದವರು ಈ ಹೆಸರನ್ನು ಹೊರುವುದಂತೂ ಅನಗತ್ಯವಾದ ಕಷ್ಟ.

ಎರಡು ನಗರಗಳ ಅನುಭವ

ಈ ಎರಡು ವ್ಯಾಧಿಗಳ ಸಂಬಂಧವನ್ನು ತಿಳಿಯಲು ನೆರೆಯ ಕೇರಳ ರಾಜ್ಯದತ್ತ ನೋಡುವುದು ಉಪಯುಕ್ತ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ವೈದ್ಯವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯು ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಗೆ ಸೇರಿದ ರಾಷ್ಟ್ರೀಯ ಪ್ರಾಮುಖ್ಯದ ಸಂಸ್ಥೆ. ಔಷಧಿಗೆ ಬಗ್ಗದ ಅಪಸ್ಮಾರಕ್ಕೆ ಶಸ್ತ್ರಚಿಕಿತ್ಸೆ ನಡೆಸುವ ಕಾರ್ಯಕ್ರಮ ಅಲ್ಲಿ 1995ರಲ್ಲಿ ಆರಂಭವಾಯಿತು. 1998ರಲ್ಲಿ ಆರ್. ಮಾಧವನ್ ನಾಯರ್ ಸಮಗ್ರ ಅಪಸ್ಮಾರ ಚಿಕಿತ್ಸಾ ಕೇಂದ್ರ ಸ್ಥಾಪನೆಗೊಂಡಿತು.

ಕೊಚ್ಚಿಯಿಂದ ಬಂದ ಮಾಹಿತಿ ಮಧುಮೇಹಕ್ಕೆ ಸಂಬಂಧಿಸಿದ್ದು. ಅಲ್ಲಿನ ಅಮೃತ ವೈದ್ಯವಿಜ್ಞಾನ ಸಂಸ್ಥೆಯ ತಜ್ಞರು ಎರ್ನಾಕುಲಂ ಜಿಲ್ಲೆಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿ, ಫಲಿತಾಂಶವನ್ನು 2006ರಲ್ಲಿ ಪ್ರಕಟಿಸಿದರು. ನೂರಕ್ಕೆ 9 ಮಂದಿಗೆ ತಮಗೆ ಮಧುಮೇಹವಿರುವುದು ಮೊದಲೇ ತಿಳಿದಿತ್ತು. ಇನ್ನೂ ಸುಮಾರು 10 ಮಂದಿಗೆ ಅದು ತಿಳಿದದ್ದು ಆ ಪರೀಕ್ಷೆಯಿಂದಲೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ ಕೇರಳದ ಪ್ರಮಾಣ ನೂರಕ್ಕೆ 25.5 ಎಂದು ಕಂಡುಬಂತು. ಇದು ದೇಶದ ಅತಿ ಹೆಚ್ಚಿನ ಪ್ರಮಾಣಗಳಲ್ಲಿ ಒಂದು.

ಕೊಚ್ಚಿಯ ಅಂಕಿಗಳಲ್ಲಿ ಗಮನಿಸಬೇಕಾದದ್ದು ಒಟ್ಟು ಮೊತ್ತಕ್ಕಿಂತ ಹೆಚ್ಚಾಗಿ ಆ ಎರಡನೆಯ ಸಂಖ್ಯೆಯನ್ನು. ಮಧುಮೇಹವುಳ್ಳವರಲ್ಲಿ ಅರ್ಧದಷ್ಟು ಮಂದಿಗೆ ಅದರ ಅರಿವೇ ಇರಲಿಲ್ಲ. ಅಂಥವರಲ್ಲಿ ಕೆಲವರಿಗೆ ರೋಗದ ಮೊದಲ ಸೂಚನೆ ಸೆಳವಿನ ರೂಪದಲ್ಲಿಯೇ ಬರಬಹುದು.

ಸಕ್ಕರೆ ಇಳಿದಾಗ

ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ 2ರಷ್ಟು ಮಾತ್ರ. ಆದರೂ ವಿಶ್ರಾಂತ ಸ್ಥಿತಿಯಲ್ಲಿ ದೇಹ ವ್ಯಯಿಸುವ ಶಕ್ತಿಯ ಐದನೆಯ ಒಂದು ಪಾಲು ಅದಕ್ಕೇ ಬೇಕು. ಈ ಶಕ್ತಿಯ ಮುಖ್ಯ ಮೂಲ ಗ್ಲೂಕೋಸ್. ಮಿದುಳು ಅದನ್ನು ಹೆಚ್ಚಾಗಿ ಕೂಡಿಟ್ಟುಕೊಳ್ಳಲಾರದು. ರಕ್ತದಿಂದ ಕ್ಷಣಕ್ಷಣವೂ ಪಡೆಯುತ್ತಿರಬೇಕು. ಒಂದು ಡೆಸಿಲೀಟರ್ ರಕ್ತದಲ್ಲಿ ಗ್ಲೂಕೋಸ್ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಬೆವರು, ನಡುಕ, ಎದೆಬಡಿತ, ಹಸಿವು ತೋರುತ್ತವೆ. ಇನ್ನೂ ಇಳಿದರೆ ಮಾತು ತೊದಲುವುದು, ಗೊಂದಲ. ಬಹಳ ಕುಸಿದರೆ ಸೆಳವು ಮತ್ತು ಪ್ರಜ್ಞಾಹೀನತೆ.

ಇನ್ಸುಲಿನ್ ಚುಚ್ಚಿಕೊಂಡು ಊಟ ತಪ್ಪಿಸುವುದು, ಮಾತ್ರೆ ನುಂಗಿ ಉಪವಾಸ ಮಾಡುವುದು, ಬರಿಹೊಟ್ಟೆಯಲ್ಲಿ ಮದ್ಯಪಾನ ಮಾಡುವುದು ಇದಕ್ಕೆ ಸಾಮಾನ್ಯ ಕಾರಣಗಳು. ಏಕಾದಶಿಯಾಗಲಿ ರಂಜಾನ್ ಆಗಲಿ, ವ್ರತಕ್ಕೆ ಮುನ್ನ ವೈದ್ಯರನ್ನು ಕಂಡು ಔಷಧಿಯ ಪ್ರಮಾಣವನ್ನು ಬದಲಿಸಿಕೊಳ್ಳುವುದು ಅವಶ್ಯ. ಗ್ಲಿಬೆನ್‌ಕ್ಲಮೈಡ್‌ನಂತಹ ಮಾತ್ರೆಗಳ ಪರಿಣಾಮ ದೀರ್ಘಕಾಲದ್ದು. ಮೂತ್ರಪಿಂಡ ದುರ್ಬಲವಾಗಿರುವ ವೃದ್ಧರಲ್ಲಂತೂ ಒಮ್ಮೆ ಸರಿಹೋದ ಸಕ್ಕರೆ ಕೆಲವು ಗಂಟೆಗಳಲ್ಲಿ ಮತ್ತೆ ಕುಸಿಯಬಹುದು. ಆದ್ದರಿಂದ ಎಚ್ಚರವಾಯಿತೆಂದು ಕೂಡಲೇ ಆಸ್ಪತ್ರೆಯಿಂದ ಮನೆಗೆ ಕರೆತರಲು ಆತುರಪಡಬಾರದು.

ನಿದ್ರೆಯಲ್ಲಿ ಸಕ್ಕರೆ ಇಳಿದು ಬರುವ ಸೆಳವನ್ನು ಗುರುತಿಸುವುದು ಕಷ್ಟ. ಬೆಳಗ್ಗೆ ತಲೆನೋವು, ಬೆವರಿನಿಂದ ಒದ್ದೆಯಾದ ಹಾಸಿಗೆ, ಕಚ್ಚಿದ ನಾಲಗೆ ಇವಿಷ್ಟೇ ಕುರುಹು. ಇನ್ಸುಲಿನ್ ಪಡೆಯುವ ಮಗುವಿನಲ್ಲಿ ಇವನ್ನು ಕಂಡ ತಾಯಿತಂದೆಯರು ರಾತ್ರಿ ಎರಡು ಮೂರು ಗಂಟೆಯ ವೇಳೆಗೆ ಒಮ್ಮೆ ರಕ್ತಪರೀಕ್ಷೆ ಮಾಡಿ ನೋಡುವುದು ಒಳಿತು.

ಸಕ್ಕರೆ ಏರಿದಾಗ

ಸಕ್ಕರೆ ಇಳಿದರೆ ಅಪಾಯವೆಂಬುದು ಬಹುಮಂದಿಗೆ ಗೊತ್ತು. ಏರಿದಾಗಲೂ ಸೆಳವು ಬರುತ್ತದೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಅರವತ್ತೈದು ದಾಟಿದ ಒಬ್ಬ ಹಿರಿಯರು. ಕೆಲವು ವಾರಗಳಿಂದ ಬಾಯಾರಿಕೆ, ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುವುದು. ವಯಸ್ಸಿನ ತೊಂದರೆಯೆಂದು ಮನೆಯವರು ಸುಮ್ಮನಿದ್ದಾರೆ. ಒಂದು ದಿನ ಅವರ ಎಡಗೈ ತಾನಾಗಿಯೇ ಅದುರತೊಡಗುತ್ತದೆ. ಪ್ರಜ್ಞೆ ತಪ್ಪಿಲ್ಲ; ಅವರೇ ತಮ್ಮ ಕೈಯನ್ನು ನೋಡುತ್ತ ಕುಳಿತಿದ್ದಾರೆ. ಅದುರು ನಿಲ್ಲುತ್ತದೆ, ಅರ್ಧ ಗಂಟೆಯಲ್ಲಿ ಮತ್ತೆ ಬರುತ್ತದೆ. ಪಾರ್ಶ್ವವಾಯುವೆಂದು ಕೆಲವರು, ಮೂರ್ಛೆಯೆಂದು ಕೆಲವರು ಹೇಳುತ್ತಾರೆ. ರಕ್ತ ಪರೀಕ್ಷಿಸಿದಾಗ ಗ್ಲೂಕೋಸ್ ಹಲವು ನೂರು ಮಿಲಿಗ್ರಾಂ ಇರುತ್ತದೆ.

ದೇಹದ ಒಂದೇ ಭಾಗಕ್ಕೆ ಸೀಮಿತವಾಗಿ, ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಮರುಕಳಿಸುವ ಇಂಥ ಸೆಳವನ್ನು ನರರೋಗ ತಜ್ಞರು ಚೆನ್ನಾಗಿ ಬಲ್ಲರು. ಕೆಲವರಲ್ಲಿ ಕೈಯ ಬದಲು ಕಣ್ಣಿನ ಮುಂದೆ ಬಣ್ಣದ ಬೆಳಕು ಮಿನುಗುವುದೇ ಲಕ್ಷಣವಾಗಿರುತ್ತದೆ. ಇದರ ವಿಶೇಷವೆಂದರೆ, ಮೂರ್ಛೆಗೆ ಕೊಡುವ ಸಾಮಾನ್ಯ ಔಷಧಿಗಳಿಗೆ ಇದು ಸುಲಭವಾಗಿ ಮಣಿಯುವುದಿಲ್ಲ. ಫೆನಿಟೋಯಿನ್ ಎಂಬ ಔಷಧಿಯಂತೂ ದೇಹದಲ್ಲಿ ಇನ್ಸುಲಿನ್ ಸ್ರವಿಸುವುದನ್ನು ತಗ್ಗಿಸುವುದರಿಂದ ಸಕ್ಕರೆಯನ್ನು ಇನ್ನಷ್ಟು ಏರಿಸಬಹುದು. ನಿಜವಾದ ಚಿಕಿತ್ಸೆ ರಕ್ತನಾಳದ ಮೂಲಕ ದ್ರವ ಪೂರೈಕೆ ಮತ್ತು ಇನ್ಸುಲಿನ್. ಸಕ್ಕರೆ ಹತೋಟಿಗೆ ಬಂದಂತೆ ಸೆಳವು ನಿಲ್ಲುತ್ತದೆ. ಬಹುಪಾಲು ಮಂದಿಗೆ ಅನಂತರ ಮೂರ್ಛೆಯ ಮಾತ್ರೆಯೇ ಬೇಕಾಗುವುದಿಲ್ಲ. ಬೆರಳ ತುದಿಯ ಒಂದು ಹನಿ ರಕ್ತದ ಪರೀಕ್ಷೆ ಮೊದಲೇ ನಡೆದರೆ ವರ್ಷಗಟ್ಟಲೆ ವ್ಯರ್ಥ ಔಷಧಿ ಸೇವನೆ ತಪ್ಪುತ್ತದೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಸಕ್ಕರೆಯೊಡನೆ ಕೀಟೋನ್ ಎಂಬ ಆಮ್ಲೀಯ ವಸ್ತುಗಳೂ ಏರಿದ ರೋಗಿಗಳಲ್ಲಿ ಸೆಳವು ಅಪರೂಪ. ಕೀಟೋನುಗಳಿಗೆ ಸೆಳವನ್ನು ತಡೆಯುವ ಗುಣವಿರುವಂತೆ ತೋರುತ್ತದೆ. ಔಷಧಿಗೆ ಬಗ್ಗದ ಅಪಸ್ಮಾರವುಳ್ಳ ಮಕ್ಕಳಿಗೆ ಇಂದಿಗೂ ನೀಡುವ, ಕೊಬ್ಬು ಅಧಿಕವಾಗಿಯೂ ಪಿಷ್ಟ ಅತ್ಯಲ್ಪವಾಗಿಯೂ ಇರುವ ಕೀಟೋಜನಕ ಆಹಾರಕ್ಕೆ ಇದೇ ಆಧಾರ. ಅದನ್ನು 1921ರಲ್ಲಿ ಸೂಚಿಸಿದವರು ಅಮೆರಿಕದ ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್. ಅವರು ಮಧುಮೇಹದ ತಜ್ಞರು. ಕೆನಡಾದಲ್ಲಿ ಇನ್ಸುಲಿನ್ ಶೋಧನೆಯಾದದ್ದೂ ಅದೇ ವರ್ಷ. ಆದರೆ ಇನ್ಸುಲಿನ್ ಪಡೆಯುವವರು ಈ ಆಹಾರಕ್ರಮವನ್ನು ಸ್ವಂತ ಇಚ್ಛೆಯಿಂದ ಅನುಸರಿಸುವುದು ಅಪಾಯಕರ.

ಎರಡೂ ಒಬ್ಬರಲ್ಲೇ ಇದ್ದಾಗ

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಒಂದನೆಯ ಬಗೆಯ ಮಧುಮೇಹವುಳ್ಳವರಲ್ಲಿ ಅಪಸ್ಮಾರದ ಸಂಭವ ಇತರರಿಗಿಂತ ಸುಮಾರು ಮೂರು ಪಟ್ಟು ಹೆಚ್ಚೆಂದು ಬ್ರಿಟನ್ನಿನ ಅಧ್ಯಯನವೊಂದು 2017ರಲ್ಲಿ ವರದಿ ಮಾಡಿತು. ಇನ್ಸುಲಿನ್ ತಯಾರಿಸುವ ಕೋಶಗಳ ಮೇಲೆ ಎರಗುವ ದೇಹದ ರಕ್ಷಣಾ ವ್ಯವಸ್ಥೆ ಕೆಲವರಲ್ಲಿ ಮಿದುಳಿನ ಕೋಶಗಳ ಮೇಲೂ ಎರಗುವುದು ಒಂದು ಕಾರಣವಿರಬಹುದೆಂದು ತಜ್ಞರ ಊಹೆ. ಬಹುಪಾಲು ಮಕ್ಕಳಿಗೆ ಅಪಸ್ಮಾರ ಬರುವುದೇ ಇಲ್ಲವಾದ್ದರಿಂದ ಪೋಷಕರು ಭಯಪಡಬೇಕಿಲ್ಲ. ಈ ಬಗೆಯ ಮಧುಮೇಹವುಳ್ಳ ಮಕ್ಕಳಿಗೆ ಇನ್ಸುಲಿನ್ ಮತ್ತಿತರ ನೆರವು ಒದಗಿಸುವ ಯೋಜನೆಯೊಂದನ್ನು ಕೇರಳ ಸಾಮಾಜಿಕ ಸುರಕ್ಷಾ ಮಿಷನ್ ನಡೆಸುತ್ತದೆ. ಅದರ ಹೆಸರು 'ಮಿಠಾಯಿ'. ಸಿಹಿ ನಿಷಿದ್ಧವೆಂದು ಕೇಳಿ ಕೇಳಿ ಬೇಸತ್ತ ಮಕ್ಕಳಿಗೆ ಒಪ್ಪುವ ಹೆಸರೇ ಸರಿ.

ಎರಡೂ ವ್ಯಾಧಿಗಳಿಗೆ ಔಷಧಿ ಸೇವಿಸುವವರು ಇಬ್ಬರು ವೈದ್ಯರಿಗೂ ಎರಡೂ ಚೀಟಿಗಳನ್ನು ತೋರಿಸಬೇಕು. ವಾಲ್‌ಪ್ರೊಯೇಟ್ ದೇಹದ ತೂಕವನ್ನು ಹೆಚ್ಚಿಸಬಹುದು. ಫೆನಿಟೋಯಿನ್, ಫಿನೋಬಾರ್ಬಿಟೋನ್, ಕಾರ್ಬಮಜೆಪೀನ್‌ಗಳು ಯಕೃತ್ತಿನ ಕೆಲಸವನ್ನು ಚುರುಕುಗೊಳಿಸಿ ಕೆಲವು ಮಧುಮೇಹದ ಮಾತ್ರೆಗಳ ಪ್ರಭಾವವನ್ನು ತಗ್ಗಿಸಬಹುದು. ಇದನ್ನು ಓದಿ ಯಾರೂ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಕೂಡದು. ಮೂರ್ಛೆಯ ಔಷಧಿಯನ್ನು ಥಟ್ಟನೆ ಬಿಟ್ಟರೆ ಸೆಳವು ಒಂದರ ಹಿಂದೊಂದು ಬಂದು ಜೀವಕ್ಕೇ ಅಪಾಯವಾಗಬಹುದು.

ಸೆಳವು ಬಂದಾಗ

ಬಿದ್ದವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಕೊರಳ ಗುಂಡಿ ಸಡಿಲಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಬೇಕು. ಕೈಗೆ ಬೀಗದ ಕೈ ಅಥವಾ ಕಬ್ಬಿಣ ಕೊಡುವುದರಿಂದ ಪ್ರಯೋಜನವಿಲ್ಲ. ಹಲ್ಲುಗಳ ನಡುವೆ ಚಮಚ ತುರುಕುವುದು ಹಾನಿಕರ. ಮಧುಮೇಹಿಯೆಂದು ತಿಳಿದಿದ್ದರೂ ಪ್ರಜ್ಞೆಯಿಲ್ಲದವರ ಬಾಯಿಗೆ ಸಕ್ಕರೆ ನೀರನ್ನು ಹಾಕಲೇಬಾರದು. ಅದು ಶ್ವಾಸನಾಳಕ್ಕೆ ಇಳಿದೀತು. ಪೂರ್ಣ ಎಚ್ಚರವಾಗಿ ನುಂಗಲು ಶಕ್ತರಾದ ಮೇಲೆ, ಸಕ್ಕರೆ ಇಳಿದಿದ್ದರೆ ಮೂರು ನಾಲ್ಕು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಕರಗಿಸಿದ ನೀರನ್ನು ಕುಡಿಸಿ, ಹದಿನೈದು ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು. ಪರೀಕ್ಷಿಸುವ ಉಪಕರಣವಿಲ್ಲದಿದ್ದರೆ, ಇನ್ಸುಲಿನ್ ಅಥವಾ ಮಾತ್ರೆ ಪಡೆಯುವವರಿಗೆ ಎಚ್ಚರವಾದ ಮೇಲೆ ಸಿಹಿ ಕೊಡುವುದೇ ಕ್ಷೇಮ. ಏರಿದ ಸಕ್ಕರೆ ಅಷ್ಟರಿಂದ ಹೆಚ್ಚು ಕೆಡುವುದಿಲ್ಲ, ಇಳಿದ ಸಕ್ಕರೆ ಕಾಯುವುದಿಲ್ಲ.

ಸೆಳವು ಐದು ನಿಮಿಷ ಮೀರಿದರೆ, ಮರುಕಳಿಸಿದರೆ, ಅಥವಾ ಜೀವನದಲ್ಲಿ ಮೊದಲ ಬಾರಿಗೆ ಬಂದಿದ್ದರೆ 108 ಸಂಖ್ಯೆಗೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು. ಹೋಗುವಾಗ ರೋಗಿ ಸೇವಿಸುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ, ಕೊನೆಯ ಊಟ ಯಾವಾಗ ಆಯಿತೆಂಬ ಮಾಹಿತಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಬೇಕು.