ಬಾತಿನ ಮೊಟ್ಟೆ, ಕೋಳಿಯ ಮೊಟ್ಟೆ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಮೊಟ್ಟೆಯ ವಿಷಯವಾಗಿ ಲೇಖನ ಬರೆಯುವುದನ್ನು ಕಂಡು ಕೆಲವು ಮಿತ್ರರು ನಗಬಹುದು. ಆದರೆ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವನು. ನನ್ನ ಪರೀಕ್ಷಾ ಶುಲ್ಕದ ಒಂದು ಪಾಲು ಅವ್ವ ಸಾಕಿದ ಕೋಳಿ, ಬಾತುಗಳಿಂದಲೇ ಬಂದದ್ದು. ಆದ್ದರಿಂದ ಈ ವಿಷಯವು ನನಗೆ ಅಲ್ಪವೆಂದು ತೋರುವುದಿಲ್ಲ.

ಮಂಡ್ಯ ಜಿಲ್ಲೆಯ ನಾಲೆಯ ಬಯಲಿನಲ್ಲಿ ನಮ್ಮೂರು. ನಮ್ಮ ಹಿತ್ತಿಲಿನಲ್ಲಿ ಏಳು ನಾಟಿ ಹೇಂಟೆಗಳೂ ಎರಡು ಗಿರಿರಾಜ ಹೇಂಟೆಗಳೂ ನಾಲ್ಕು ಬಾತುಗಳೂ ಒಟ್ಟಿಗೆ ಮೇಯುತ್ತವೆ. ಮೊಟ್ಟೆಗಳೂ ಒಟ್ಟಿಗೆ ಬೆರೆಯುತ್ತವೆ. ತಿನ್ನುವುದಕ್ಕಾದರೆ ಅವನ್ನು ಬೇರ್ಪಡಿಸಬೇಕಾದ ಅಗತ್ಯವಿಲ್ಲ. ಮರಿ ಮಾಡಿಸುವುದಕ್ಕಾದರೆ ಬೇರ್ಪಡಿಸದೆ ಗತ್ಯಂತರವಿಲ್ಲ. ಕಾರಣವಿಷ್ಟೆ: ಕೋಳಿಯ ಮೊಟ್ಟೆ ಮರಿಯಾಗಲು 21 ದಿನ ಬೇಕು, ಬಾತಿನ ಮೊಟ್ಟೆಗೆ 28 ದಿನ ಬೇಕು. ಖಾಕಿ ಕ್ಯಾಂಪ್‌ಬೆಲ್ ಮೊದಲಾದ ಹೆಚ್ಚು ಮೊಟ್ಟೆಯಿಡುವ ಬಾತುಗಳು ಸಾಮಾನ್ಯವಾಗಿ ಕಾವು ಕೂರುವುದಿಲ್ಲವಾದ್ದರಿಂದ ಅವುಗಳ ಮೊಟ್ಟೆಗೂ ಹೇಂಟೆಯೇ ಗತಿ. ಎರಡು ಬಗೆಯ ಮೊಟ್ಟೆಗಳನ್ನೂ ಒಂದೇ ದಿನ ಒಂದೇ ಮಂಕರಿಯಲ್ಲಿಟ್ಟರೆ ಮೂರು ವಾರಕ್ಕೆ ಕೋಳಿಮರಿಗಳು ಹೊರಬರುತ್ತವೆ. ಒಂದೆರಡು ದಿನದಲ್ಲಿ ತಾಯಿಯು ಅವನ್ನು ಕರೆದುಕೊಂಡು ಎದ್ದುಹೋಗುತ್ತದೆ. ಇನ್ನೈದಾರು ದಿನದಲ್ಲಿ ಒಡೆಯಬೇಕಾಗಿದ್ದ ಬಾತಿನ ಮೊಟ್ಟೆಗಳು, ಒಳಗೆ ಜೀವವಿರುವಂತೆಯೇ, ತಣ್ಣಗಾಗಿ ಕೆಡುತ್ತವೆ. ನಾಲ್ಕೈದು ಮರಿಗಳ ನಷ್ಟ ಉಳ್ಳವರಿಗೆ ಸಣ್ಣದಾಗಿ ಕಂಡೀತು. ಹಿತ್ತಿಲನ್ನು ನೆಚ್ಚಿದ ಮನೆಗೆ ಅದು ಮುಂದಿನ ವರ್ಷದ ವರಮಾನ.

ಹಾಗಾದರೆ ಗುರುತಿಸುವುದು ಹೇಗೆ? ಗುರುತುಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯದು ಗಾತ್ರ. ನಾಟಿ ಕೋಳಿಯ ಮೊಟ್ಟೆ ಸುಮಾರು 40 ಗ್ರಾಂ ತೂಗಿದರೆ ಬಾತಿನದು 65ರಿಂದ 70 ಗ್ರಾಂ ತೂಗುತ್ತದೆ. ಇವೆರಡೇ ಇದ್ದಲ್ಲಿ ಕಣ್ಣಳತೆಯೇ ಸಾಕು. ಆದರೆ ಗಿರಿರಾಜದ ಮೊಟ್ಟೆ 50 ಗ್ರಾಂ ದಾಟುತ್ತದೆ. ಎಳೆಯ ಬಾತು ಮೊದಮೊದಲು ಇಡುವ ಮೊಟ್ಟೆಯೋ ಚಿಕ್ಕದು. ಅಲ್ಲಿ ಗಾತ್ರವು ಮೋಸಮಾಡುತ್ತದೆ.

ಎರಡನೆಯದು ಬಣ್ಣ. ತೆಳು ಹಸಿರಿನ ಮೊಟ್ಟೆ ನಮ್ಮ ಹಿತ್ತಿಲುಗಳಲ್ಲಿ ಬಹುಮಟ್ಟಿಗೆ ಬಾತಿನದೇ. ಬಿಲಿವರ್ಡಿನ್ ಎಂಬ ವರ್ಣದ್ರವ್ಯದಿಂದ ಆ ಹಸಿರು ಬರುತ್ತದೆ. ಕಂದು ಬಣ್ಣದ್ದು ಕೋಳಿಯದು. ಆದರೆ ಬಿಳಿಯ ಮೊಟ್ಟೆಯನ್ನು ಬಾತೂ ಇಡುತ್ತದೆ, ಲೆಗ್‌ಹಾರ್ನ್ ಕೋಳಿಯೂ ಇಡುತ್ತದೆ. ಚಿಲಿ ದೇಶದ ಅರೌಕಾನ ಎಂಬ ಕೋಳಿ ನೀಲಿ ಮೊಟ್ಟೆಯನ್ನೇ ಇಡುತ್ತದೆ. ಆದ್ದರಿಂದ ಬಣ್ಣವೊಂದನ್ನೇ ನಂಬಲಾಗದು.

ಮೂರನೆಯದು ಸ್ಪರ್ಶ. ಬಾತಿನ ಮೊಟ್ಟೆಯ ಚಿಪ್ಪು ಮೇಣ ಸವರಿದಂತೆ ನುಣುಪು, ಒಡೆಯುವಾಗ ಗಟ್ಟಿ. ಕೋಳಿಯ ಚಿಪ್ಪಿನ ಮೇಲೆ ಸಣ್ಣ ರಂಧ್ರಗಳ ಚುಕ್ಕೆಗಳು ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ. ಅವ್ವ ನಸುಕಿನ ಕತ್ತಲಲ್ಲಿಯೂ ಬೆರಳಾಡಿಸಿ ಹೇಳಬಲ್ಲಳು. ಬಾತಿನ ಮೊಟ್ಟೆಗೆ ಕೆಸರು ಹತ್ತಿರುತ್ತದೆಂದು ಅದನ್ನು ತೊಳೆದು ನೋಡುವುದು ಮಾತ್ರ ಸಲ್ಲದು. ತೊಳೆದರೆ ರೋಗಾಣುಗಳನ್ನು ತಡೆಯುವ ಹೊರಪೊರೆ ಹೋಗುತ್ತದೆ. ಮರಿಗೆ ಇಡುವ ಮೊಟ್ಟೆಯನ್ನು ಒಣ ಬಟ್ಟೆಯಿಂದ ಒರೆಸಬೇಕು.

ಒಡೆದು ನೋಡಿದರೆ ಸಂದೇಹವೇ ಉಳಿಯದು. ಬಾತಿನ ಮೊಟ್ಟೆಯಲ್ಲಿ ಹಳದಿ ಭಾಗದ ಪಾಲು ಹೆಚ್ಚು. ಬಿಳಿಯ ಭಾಗ ಗಟ್ಟಿ. ಆದರೆ ಒಡೆದ ಮೊಟ್ಟೆಯಿಂದ ಮರಿ ಬರುವುದಿಲ್ಲವಷ್ಟೆ! ನೀರಿನಲ್ಲಿ ಬಿಟ್ಟು ನೋಡುವ ಪರೀಕ್ಷೆಯೂ ಇಲ್ಲಿ ಪ್ರಯೋಜನಕ್ಕೆ ಬಾರದು. ತೇಲುವ ಮೊಟ್ಟೆ ಹಳೆಯದೆಂದು ತಿಳಿಯುತ್ತದೆಯೇ ಹೊರತು ಯಾರದೆಂದು ತಿಳಿಯುವುದಿಲ್ಲ.

ಹೀಗೆ ಪ್ರತಿಯೊಂದು ಗುರುತಿಗೂ ಒಂದು ಕುಂದಿದೆ. ಎರಡು ಮೂರು ಗುರುತುಗಳು ಒಟ್ಟಿಗೆ ಒಂದೇ ಮಾತು ಹೇಳಿದರೆ ಮಾತ್ರ ನಿರ್ಣಯಕ್ಕೆ ಬರಬಹುದು. ಇದಕ್ಕಿಂತಲೂ ಸುಲಭವಾದ ಉಪಾಯವೆಂದರೆ ಮೊಟ್ಟೆಗಳು ಬೆರೆಯದಂತೆಯೇ ನೋಡಿಕೊಳ್ಳುವುದು. ಬಾತುಗಳು ಹೆಚ್ಚಾಗಿ ರಾತ್ರಿಯ ಕೊನೆಯಲ್ಲಿ ಅಥವಾ ಬೆಳಗಿನ ಜಾವದಲ್ಲಿ, ಇದ್ದಲ್ಲಿಯೇ ನೆಲದ ಮೇಲೆ ಮೊಟ್ಟೆಯಿಡುತ್ತವೆ. ಹೇಂಟೆಯು ಹೊತ್ತೇರಿದ ಮೇಲೂ, ಮರೆಯಾದ ಮಂಕರಿಯನ್ನು ಹುಡುಕಿ ಇಡುತ್ತದೆ. ಆದ್ದರಿಂದ ರಾತ್ರಿ ಬಾತುಗಳನ್ನು ಬೇರೆ ಗೂಡಿನಲ್ಲಿ ಹುಲ್ಲು ಹಾಸಿ ಕೂಡಿ, ಬೆಳಿಗ್ಗೆ ಒಂಬತ್ತರವರೆಗೆ ಬಿಡದಿದ್ದರೆ, ಆ ಹುಲ್ಲಿನ ಮೇಲೆ ಸಿಕ್ಕಿದ್ದೆಲ್ಲ ಬಾತಿನದೇ. ಅಲ್ಲಿಯೇ ಸೀಸದ ಕಡ್ಡಿಯಿಂದ ‘ಬಾ’ ಎಂದೂ ತಾರೀಖನ್ನೂ ಬರೆಯಬೇಕು.

ಒಂದೇ ಹೇಂಟೆಯ ಕೆಳಗೆ ಎರಡನ್ನೂ ಇಡಲೇಬೇಕಾದರೆ ಬಾತಿನ ಮೊಟ್ಟೆಗಳನ್ನು ಏಳು ದಿನ ಮೊದಲು ಇಟ್ಟು, ಆಮೇಲೆ ಕೋಳಿಯವನ್ನು ಸೇರಿಸಬೇಕು. ಆಗ ಎರಡೂ ಹೆಚ್ಚುಕಡಿಮೆ ಒಂದೇ ದಿನ ಮರಿಯಾಗುತ್ತವೆ. ಬಾತಿನ ಮೊಟ್ಟೆಗೆ ತೇವ ಹೆಚ್ಚು ಬೇಕಾದ್ದರಿಂದ, ಹೇಂಟೆ ಮೇವಿಗೆ ಎದ್ದಾಗ ಉಗುರುಬೆಚ್ಚನೆಯ ನೀರನ್ನು ತುಸು ಚಿಮುಕಿಸುವುದು ಒಳ್ಳೆಯದು.

ಅವ್ವನಿಗೆ ಅಕ್ಷರ ಬರುವುದಿಲ್ಲ. ಅವಳ ಬೆರಳಿಗೆ ತಿಳಿದದ್ದರ ಕಾರಣಗಳನ್ನು ನಾನು ಓದಿ ತಿಳಿದೆ. ಅವಳ ಅನುಭವಕ್ಕೆ ನನ್ನ ಓದು ಕೂಡಿಸಿದ್ದು ಆ ಸೀಸದ ಕಡ್ಡಿಯ ಗುರುತು ಮಾತ್ರ. ಆದರೆ ಗೂಡಿನ ಬಳಿಗೆ ಯಾರೇ ಹೋದರೂ ಈಗ ಮೊಟ್ಟೆ ಅದಲುಬದಲಾಗುವುದಿಲ್ಲ. ರಜೆಯಲ್ಲಿ ಊರಿಗೆ ಹೊರಡುವ ಮಿತ್ರರು ತಮ್ಮ ತಮ್ಮ ಮನೆಗೂ ಒಂದು ಸೀಸದ ಕಡ್ಡಿಯನ್ನು ಕೊಂಡೊಯ್ಯಲಿ.