ಕಂಪ್ಯೂಟರಿನಲ್ಲಿ ಓಡುವ ಮದುವೆ ಅಮ್ಮನ ಡಿವಿಡಿ ಪ್ಲೇಯರಿನಲ್ಲಿ ಓಡದೇಕೆ?

ಪ್ರಶ್ನೆ: ತಮ್ಮನ ಮದುವೆಯ ವಿಡಿಯೊವನ್ನು ಸ್ಟುಡಿಯೊದವರು ಡಿಸ್ಕಿಗೆ ಹಾಕಿ ಕೊಡಲಿಲ್ಲ, ಲಿಂಕ್ ಕಳಿಸಿದರು. ಡೌನ್‌ಲೋಡ್ ಮಾಡಿಕೊಂಡೆ. ಮೂರು ಎಂಪಿ4 ಫೈಲುಗಳು, ಒಟ್ಟು ಎರಡೂವರೆ ಗಂಟೆ. ಊರಿನಲ್ಲಿ ಅಮ್ಮನ ಹತ್ತಿರ ಇರುವುದು ಹಳೆಯ ಡಿವಿಡಿ ಪ್ಲೇಯರ್. ಖಾಲಿ ಡಿಸ್ಕಿಗೆ ಕಾಪಿ ಮಾಡಿ ಒಯ್ದರೆ ಟಿವಿಯಲ್ಲಿ ‘ಬ್ಯಾಡ್ ಡಿಸ್ಕ್’ ಅಂತ ಬಂತು. ಅದೇ ಡಿಸ್ಕು ನನ್ನ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಓಡುತ್ತದೆ. ತಪ್ಪು ಡಿಸ್ಕಿನದೋ, ಪ್ಲೇಯರಿನದೋ?
– ಒಬ್ಬ ಓದುಗರು, ಸಾಗರ

ಉತ್ತರ: ಎರಡರದೂ ಅಲ್ಲ. ಪ್ಲೇಯರಿಗೆ ಬೇಕಿದ್ದದ್ದು ಅನ್ನ, ನೀವು ತಟ್ಟೆಗೆ ಹಾಕಿದ್ದು ಅಕ್ಕಿ.

ಡಿವಿಡಿ ಪ್ಲೇಯರ್ 1990ರ ದಶಕದಲ್ಲಿ ಬರೆದಿಟ್ಟ ನಿಯಮದಂತೆ ನಡೆಯುವ ಯಂತ್ರ. ಡಿಸ್ಕನ್ನು ಒಳಗೆ ಎಳೆದುಕೊಂಡ ಕೂಡಲೇ ಅದು ‘ವಿಡಿಯೊ ಟಿಎಸ್’ ಹೆಸರಿನ ಫೋಲ್ಡರನ್ನು ಹುಡುಕುತ್ತದೆ. ಆ ಫೋಲ್ಡರಿನ ವಿಒಬಿ ಫೈಲುಗಳಲ್ಲಿ ಚಿತ್ರವೂ ಧ್ವನಿಯೂ ಇರಬೇಕು. ಎಲ್ಲಿಂದ ಶುರು, ಯಾವ ಗುಂಡಿ ಒತ್ತಿದರೆ ಎಲ್ಲಿಗೆ ಹೋಗಬೇಕು ಎಂಬುದು ಐಎಫ್ಒ ಫೈಲುಗಳಲ್ಲಿರಬೇಕು. ಚಿತ್ರ ಎಂಪೆಗ್-2 ಬಗೆಯದಾಗಿರಬೇಕು. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಅಳತೆ 720×576, ಸೆಕೆಂಡಿಗೆ 25 ಫ್ರೇಮು. ನಿಮ್ಮ ಎಂಪಿ4 ಫೈಲು ಇದ್ಯಾವುದಕ್ಕೂ ಹೊಂದುವುದಿಲ್ಲ. ಕಂಪ್ಯೂಟರಿಗೆ ಹತ್ತಾರು ಬಗೆಯ ವಿಡಿಯೊ ಓದಲು ಬರುತ್ತದೆ, ಹಾಗಾಗಿ ಅಲ್ಲಿ ಓಡಿತು.

ಕೆಲಸಕ್ಕೆ ಇಳಿಯುವ ಮೊದಲು ಅಮ್ಮನಿಗೆ ಒಂದು ಫೋನ್ ಮಾಡಿ. ಪ್ಲೇಯರಿನ ಮುಂಭಾಗದಲ್ಲಿ ಯುಎಸ್‌ಬಿ ತೂತು ಇದೆಯೇ, ‘ಡಿವ್ಎಕ್ಸ್’ ಎಂಬ ಗುರುತು ಇದೆಯೇ ಕೇಳಿ. ಎರಡೂ ಇದ್ದರೆ ವಿಡಿಯೊವನ್ನು ಎಕ್ಸ್‌ವಿಡ್ ಬಗೆಯ ಎವಿಐ ಫೈಲಾಗಿ ಬದಲಿಸಿ, ಪೆನ್‌ಡ್ರೈವಿಗೆ ಹಾಕಿ ಕಳಿಸಬಹುದು. ಡಿಸ್ಕಿನ ಗೊಡವೆಯೇ ಬೇಡ. ಇಲ್ಲದಿದ್ದರೆ ಮುಂದೆ ಓದಿ.

ಈ ಕೆಲಸದಲ್ಲಿ ಬಹಳ ಜನ ಎಡವುವುದು ಲೆಕ್ಕದಲ್ಲಿ. ‘ಫೈಲು ಒಂದೇ ಜಿಬಿ ಇದೆ, ಹಾಗಾದರೆ ಒಂದು ಡಿಸ್ಕಿಗೆ ನಾಲ್ಕು ಹಿಡಿಸುತ್ತದೆ’ ಎಂದುಕೊಳ್ಳುತ್ತಾರೆ. ಡಿವಿಡಿಗೆ ನಿಮ್ಮ ಫೈಲು ಎಷ್ಟು ಜಿಬಿ ಎಂಬುದು ಮುಖ್ಯವಲ್ಲ, ಎಷ್ಟು ನಿಮಿಷ ಎಂಬುದೇ ಮುಖ್ಯ. ಪ್ರತಿ ಫ್ರೇಮನ್ನೂ ಹೊಸದಾಗಿ ಎಂಪೆಗ್-2ಕ್ಕೆ ಬದಲಿಸುವುದರಿಂದ ಹಳೆಯ ಗಾತ್ರಕ್ಕೆ ಅರ್ಥ ಉಳಿಯುವುದಿಲ್ಲ. ಡಿಸ್ಕಿನಲ್ಲಿರುವ 4.7 ಜಿಬಿ ಜಾಗವನ್ನು ನಿಮಿಷಗಳಿಗೆ ಹಂಚಬೇಕು, ಅಷ್ಟೆ. (ಕಂಪ್ಯೂಟರ್ ಇದನ್ನೇ 4.37 ಎಂದು ತೋರಿಸಿದರೆ ಗಾಬರಿ ಬೇಡ. ಅದು ಎಣಿಸುವ ಬಗೆ ಬೇರೆ.)

ಬಾಯಿಲೆಕ್ಕ ಸುಲಭ. 600ನ್ನು ನಿಮಿಷಗಳಿಂದ ಭಾಗಿಸಿ. ಬಂದ ಸಂಖ್ಯೆಯೇ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಕೊಡಬಹುದು ಎಂಬುದು. ಧ್ವನಿಯೂ ಅದರಲ್ಲೇ ಸೇರಿತು. ಎರಡು ಗಂಟೆಗೆ 5. ನಿಮ್ಮ ಎರಡೂವರೆ ಗಂಟೆಗೆ 4. ನಾಲ್ಕು ಗಂಟೆ ತುರುಕಿದರೆ 2.5. ಮೂರಕ್ಕಿಂತ ಕೆಳಗೆ ಇಳಿಸಲು ಹೋಗಬೇಡಿ. ಎಲ್ಲಿ ಕೆಡುತ್ತದೆ ಗೊತ್ತೇ? ವಧೂವರರು ಸುಮ್ಮನೆ ಕುಳಿತ ದೃಶ್ಯದಲ್ಲಿ ಅಲ್ಲ. ಗಟ್ಟಿಮೇಳ ಮೊಳಗಿ ನೂರು ಕೈಗಳಿಂದ ಅಕ್ಷತೆ ಬೀಳುತ್ತದಲ್ಲ, ಆಗ. ಒಂದು ಫ್ರೇಮಿಗೂ ಮುಂದಿನದಕ್ಕೂ ಏನು ಬದಲಾಯಿತೋ ಅದನ್ನಷ್ಟೇ ಬರೆದು ಜಾಗ ಉಳಿಸುವುದು ಎಂಪೆಗ್‌ನ ಜಾಣತನ. ಒಂದೊಂದು ಅಕ್ಕಿಕಾಳೂ ಒಂದೊಂದು ಕಡೆ ಹಾರುವಾಗ ಆ ಜಾಣತನ ನಡೆಯುವುದಿಲ್ಲ, ಪರದೆ ಚೌಕಚೌಕವಾಗಿ ಒಡೆಯುತ್ತದೆ. ಮುಹೂರ್ತದ ಗಳಿಗೆಯೇ ಹಾಳಾಗುತ್ತದೆ. ಜಾಗ ಸಾಲದಿದ್ದರೆ ಎರಡು ಡಿಸ್ಕು ಮಾಡಿ: ಒಂದರಲ್ಲಿ ಧಾರೆ, ಇನ್ನೊಂದರಲ್ಲಿ ಆರತಕ್ಷತೆ.

ಹಾಗೆಂದು ಅರ್ಧ ಗಂಟೆಯ ವಿಡಿಯೊಗೆ 20 ಮೆಗಾಬಿಟ್ ಕೊಡುವಂತಿಲ್ಲ. ಡಿವಿಡಿ ನಿಯಮದಂತೆ ಚಿತ್ರಕ್ಕೆ 9.8 ಮೆಗಾಬಿಟ್ಟೇ ಗರಿಷ್ಠ ಮಿತಿ. ಹಳೆಯ ಪ್ಲೇಯರುಗಳಿಗೆ 8ರ ಒಳಗಿದ್ದರೆ ಕ್ಷೇಮ.

ಇನ್ನು ಸಾಫ್ಟ್‌ವೇರ್. ವಿಂಡೋಸ್ 7ರಲ್ಲಿ ಇದಕ್ಕೆಂದೇ ಒಂದು ಪ್ರೋಗ್ರಾಂ ಜೊತೆಗೇ ಬರುತ್ತಿತ್ತು, 8ರಿಂದ ತೆಗೆದುಹಾಕಿದರು. ಈಗ ಉಚಿತವಾಗಿ ಸಿಗುವ ‘ಡಿವಿಡಿ ಸ್ಟೈಲರ್’ ಸಾಕು. ‘ಹ್ಯಾಂಡ್‌ಬ್ರೇಕ್’ ಹಾಕಿಕೊಂಡು ಒದ್ದಾಡಬೇಡಿ, ಅದು ಎಂಪಿ4ನಂಥ ಫೈಲು ಮಾಡುತ್ತದೆಯೇ ಹೊರತು ಡಿವಿಡಿ ಮಾಡುವುದಿಲ್ಲ. ಡಿವಿಡಿ ಸ್ಟೈಲರ್ ತೆರೆದಾಗ ಮೊದಲಿಗೇ ಕೇಳುವ ಪ್ರಶ್ನೆಗಳಿಗೆ 4.7 ಜಿಬಿ, ಪಾಲ್, 16:9, ಎಸಿ3 ಧ್ವನಿ ಎಂದು ಆರಿಸಿ. ಮೂರು ಫೈಲುಗಳನ್ನೂ ಎಳೆದು ಕೆಳಗಿನ ಪಟ್ಟಿಗೆ ಬಿಡಿ. ಮೆನುವಿನಲ್ಲಿ ಮೂರೇ ಗುಂಡಿ ಇಡಿ: ನಾಂದಿ, ಧಾರೆ, ಆರತಕ್ಷತೆ. ಅಕ್ಷರ ದೊಡ್ಡದಿರಲಿ, ಅಂಚಿಗೆ ತಾಗದಿರಲಿ. ಹಳೆಯ ಡಬ್ಬಿ ಟಿವಿಗಳು ನಾಲ್ಕೂ ಕಡೆ ಒಂದಿಷ್ಟು ಕತ್ತರಿಸಿ ತೋರಿಸುತ್ತವೆ. ಮೆನುವಿನ ಬರಹ ಡಿಸ್ಕಿನಲ್ಲಿ ಚಿತ್ರವಾಗಿಯೇ ಕೂರುವುದರಿಂದ ಪ್ಲೇಯರಿನಲ್ಲಿ ಕನ್ನಡ ಫಾಂಟ್ ಬೇಕಿಲ್ಲ. ಆದರೆ ಒತ್ತಕ್ಷರಗಳು ಸರಿಯಾಗಿ ಕೂಡಿಕೊಂಡಿವೆಯೇ, ‘ಆರತಕ್ಷತೆ’ಯ ‘ಕ್ಷ’ ಬಿಡಿಬಿಡಿಯಾಗಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

ನೇರವಾಗಿ ಡಿಸ್ಕಿಗೆ ರೈಟ್ ಮಾಡದೆ ಮೊದಲು ಐಎಸ್ಒ ಫೈಲು ಮಾಡಿಕೊಳ್ಳಿ. ಬದಲಾವಣೆಗೆ ಗಂಟೆಗಟ್ಟಲೆ ಹಿಡಿಯಬಹುದು, ರಾತ್ರಿ ಹಚ್ಚಿಟ್ಟು ಮಲಗಿ. ಬೆಳಿಗ್ಗೆ ಆ ಫೈಲನ್ನು ವಿಎಲ್‌ಸಿಯಲ್ಲಿ ತೆರೆದು ಮೆನು ಒತ್ತಿ ನೋಡಿ, ತುಟಿಗೂ ಮಾತಿಗೂ ಹೊಂದಿಕೆ ಇದೆಯೇ ಪರೀಕ್ಷಿಸಿ. ಸರಿಯಿದ್ದರೆ ಡಿಸ್ಕಿಗೆ ಕೈಹಾಕಿ. ಲ್ಯಾಪ್‌ಟಾಪಿನಲ್ಲಿ ಡ್ರೈವ್ ಇಲ್ಲದಿದ್ದರೆ ಯುಎಸ್‌ಬಿಗೆ ಚುಚ್ಚುವ ರೈಟರ್ ಸಿಗುತ್ತದೆ.

ವೇಗದ ವಿಷಯದಲ್ಲಿ ನನಗೊಮ್ಮೆ ಪಾಠವಾಗಿದೆ. ಬಸ್ಸಿಗೆ ಹೊತ್ತಾಯಿತೆಂದು 16ಎಕ್ಸ್ ವೇಗದಲ್ಲಿ ಅಗ್ಗದ ಡಿಸ್ಕೊಂದನ್ನು ರೈಟ್ ಮಾಡಿ ಒಯ್ದಿದ್ದೆ. ಊರಲ್ಲಿ ನೆಂಟರೆಲ್ಲ ಸೇರಿ ನೋಡುತ್ತಿದ್ದಾಗ ಮೊದಲ ಒಂದೂವರೆ ಗಂಟೆ ಸಲೀಸಾಗಿ ಓಡಿ, ಮದುಮಗಳನ್ನು ಮನೆ ತುಂಬಿಸಿಕೊಳ್ಳುವ ಹೊತ್ತಿಗೆ ನಿಂತೇಬಿಟ್ಟಿತು. ಡಿಸ್ಕಿನ ಬರಹ ನಡುವಿನಿಂದ ಶುರುವಾಗಿ ಅಂಚಿನ ಕಡೆಗೆ ಸಾಗುತ್ತದೆ, ಅಗ್ಗದ ಡಿಸ್ಕು ಕೈಕೊಡುವುದೂ ಸಾಮಾನ್ಯವಾಗಿ ಆ ಅಂಚಿನಲ್ಲೇ. 4ಎಕ್ಸ್ ವೇಗದಲ್ಲಿ ಹೆಚ್ಚೆಂದರೆ ಹದಿನೈದು ನಿಮಿಷದ ಕೆಲಸ, ಅಷ್ಟು ಕಾಯಿರಿ. ಡಿವಿಡಿ-ಆರ್ ಡಿಸ್ಕನ್ನೇ ಕೊಳ್ಳಿ, ಹಳೆಯ ಪ್ಲೇಯರುಗಳು ಸಾಮಾನ್ಯವಾಗಿ ಅದನ್ನು ತಕರಾರಿಲ್ಲದೆ ಓದುತ್ತವೆ. ಎರಡು ಪ್ರತಿ ಮಾಡಿ.

ಒಂದು ನಿರೀಕ್ಷೆ ಮಾತ್ರ ಬೇಡ: ಡಿಸ್ಕಿಗೆ ಹಾಕಿದರೆ ಚಿತ್ರ ಸುಧಾರಿಸುವುದಿಲ್ಲ. 1080 ಸಾಲುಗಳ ಚಿತ್ರ 576 ಸಾಲಿಗೆ ಇಳಿದಿರುತ್ತದೆ. ಮೇಲಾಗಿ ಮನೆಯಲ್ಲಿ ರೈಟ್ ಮಾಡಿದ ಡಿಸ್ಕಿನ ಬರಹ ನಿಂತಿರುವುದು ಬಣ್ಣದ ಒಂದು ತೆಳು ಪದರದ ಮೇಲೆ, ಬಿಸಿಲಿಗೆ ಅದು ಮಾಸುತ್ತದೆ. ಟಿವಿ ಪಕ್ಕದ ಕಿಟಕಿಯಲ್ಲಿ ಇಡಬೇಡಿರೆಂದು ಅಮ್ಮನಿಗೆ ಹೇಳಿ, ಹೆಸರು ಬರೆಯಲು ಬಾಲ್‌ಪೆನ್ ಬೇಡ, ಮಾರ್ಕರ್ ಬಳಸಿ. ಮೂಲ ಎಂಪಿ4 ಫೈಲುಗಳನ್ನು ಅಳಿಸದೆ ಎರಡು ಕಡೆ ಜೋಪಾನವಾಗಿಡಿ. ಅಮ್ಮ ದಿನಾ ಹಾಕಿ ಹಾಕಿ ಡಿಸ್ಕು ಗೀರು ಬಿದ್ದು ಸವೆದರೆ, ಐಎಸ್ಒ ಹೇಗೂ ಇದೆ; ಇನ್ನೊಂದು ಹದಿನೈದು ನಿಮಿಷ.