ಮೊಬೈಲಿಗೆ ತಾನಿರುವ ಜಾಗ ಹೇಗೆ ತಿಳಿಯುತ್ತದೆ?

ಮಕ್ಕಳೇ, ಕಬ್ಬಿನ ಹೊಲದ ನಡುವೆ ಒಬ್ಬರಿಗೆ ಹಾವು ಕಚ್ಚಿದೆ ಎಂದುಕೊಳ್ಳಿ. ನೀವು 112ಕ್ಕೆ ಫೋನ್ ಮಾಡಿದಿರಿ. "ಎಲ್ಲಿದ್ದೀರಿ?" ಎಂದು ಕೇಳುತ್ತಾರೆ. "ಹತ್ತರಗಿ ಹತ್ರ, ಕಬ್ಬಿನ ಹೊಲದಾಗ" ಎಂದರೆ ಯಾವ ಹೊಲವೆಂದು ತಿಳಿಯಬೇಕು? ನಿಮ್ಮ ಕೈಯಲ್ಲಿರುವ ಮೊಬೈಲು ಆ ಜಾಗವನ್ನು ಎರಡೇ ಸಂಖ್ಯೆಗಳಲ್ಲಿ ಹೇಳಬಲ್ಲದು. ಅವೇ ನೀವು ಭೂಗೋಳದಲ್ಲಿ ಓದಿದ ಅಕ್ಷಾಂಶ ಮತ್ತು ರೇಖಾಂಶ.

ಇದನ್ನು ತೋರಿಸಲು ಹೋಗಿ ಹತ್ತರಗಿಯಲ್ಲಿ ನಾನೇ ಪೇಚಿಗೆ ಸಿಕ್ಕಿದ್ದೆ. ಇಂಟರ್ನೆಟ್ ಇಲ್ಲದೆಯೂ ಇದು ನಡೆಯುತ್ತದೆ ಎಂದು ಜಂಬದಿಂದ ಹೇಳಿ, ಅದನ್ನು ಬಂದ್ ಮಾಡಿ, ಫೋನನ್ನು ಮೇಜಿನ ಮೇಲಿಟ್ಟೆ. ಹತ್ತು ನಿಮಿಷವಾದರೂ ಸಂಖ್ಯೆ ಬರಲಿಲ್ಲ. "ಸರ್, ಫೋನ್ ಕೆಟ್ಟೈತ್ರಿ" ಎಂದ ಒಬ್ಬ ಹುಡುಗ. ಎಲ್ಲರೂ ಧ್ವಜಕಂಬದ ಬಳಿ ಹೋಗಿ ನಿಂತೆವು. ಸ್ವಲ್ಪ ಹೊತ್ತಿಗೆ ಸಂಖ್ಯೆಗಳು ಮೂಡಿದವು. ಫೋನು ಕೆಟ್ಟಿರಲಿಲ್ಲ, ಅದಕ್ಕೆ ಆಕಾಶ ಕಾಣುತ್ತಿರಲಿಲ್ಲ, ಅಷ್ಟೆ!

ಜಿಪಿಎಸ್ ಉಪಗ್ರಹಗಳು ನೆಲದಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿವೆ. ಅಲ್ಲಿಂದ ಬರುವ ರೇಡಿಯೊ ಸಂಕೇತ ನಮ್ಮನ್ನು ಮುಟ್ಟುವಾಗ ಬಹಳ ಕ್ಷೀಣವಾಗಿರುತ್ತದೆ. ತಗಡಿನ ಮಾಡು, ಕಾಂಕ್ರೀಟ್ ಚಾವಣಿ ಅದನ್ನು ತಡೆಯುತ್ತವೆ. ದಟ್ಟವಾದ ಮರವೂ ಅದನ್ನು ಕುಗ್ಗಿಸುತ್ತದೆ. ಮೊಬೈಲು ಉಪಗ್ರಹಕ್ಕೆ ಏನನ್ನೋ ಕಳಿಸುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. ಧಾರವಾಡ ಆಕಾಶವಾಣಿಯನ್ನು ನಿಮ್ಮ ಮನೆಯ ರೇಡಿಯೊ ಕೇಳುವಂತೆ ಅದು ಬರೀ ಕೇಳುತ್ತದೆ.

ಕೇಳಿದ ಮಾತ್ರಕ್ಕೆ ಜಾಗ ತಿಳಿಯುವುದು ಹೇಗೆ? ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿದ್ದೀರಾ? ಮೂರು ಸೆಕೆಂಡಾದರೆ ಸಿಡಿಲು ಸುಮಾರು 1 ಕಿ.ಮೀ. ದೂರದಲ್ಲಿದೆ. ಮೊಬೈಲೂ ಹೀಗೆಯೇ ಸಮಯದಿಂದ ದೂರವನ್ನು ಲೆಕ್ಕ ಹಾಕುತ್ತದೆ. ಆದರೆ ರೇಡಿಯೊ ತರಂಗದ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೂ ದೂರದಲ್ಲಿ 300 ಮೀಟರ್ ತಪ್ಪುತ್ತದೆ! ಅದಕ್ಕಾಗಿ ಪ್ರತಿ ಉಪಗ್ರಹದಲ್ಲೂ ಪರಮಾಣು ಗಡಿಯಾರಗಳಿವೆ.

ಈಗ ಮೈದಾನಕ್ಕೆ ಬನ್ನಿ. ಗೆಳೆಯನೊಬ್ಬ ಧ್ವಜಕಂಬದಿಂದ 10 ಹೆಜ್ಜೆ ದೂರದಲ್ಲಿದ್ದಾನೆ ಎಂದರೆ ಅವನು ಒಂದು ವೃತ್ತದ ಮೇಲೆ ಎಲ್ಲಿಯಾದರೂ ಇರಬಹುದು. ನಳದಿಂದ 8 ಹೆಜ್ಜೆ ಎಂದೂ ಗೊತ್ತಾದರೆ ಸಾಮಾನ್ಯವಾಗಿ ಎರಡು ಜಾಗ ಉಳಿಯುತ್ತವೆ. ಗೇಟಿನಿಂದ ಎಷ್ಟು ಹೆಜ್ಜೆ ಎಂದರೆ ಒಂದೇ ಜಾಗ. ಹಗ್ಗ ಹಿಡಿದು, ಸುಣ್ಣದ ಪುಡಿಯಲ್ಲಿ ವೃತ್ತ ಎಳೆದು ನೋಡಿ. ಉಪಗ್ರಹಗಳ ವಿಷಯದಲ್ಲಿ ನಾಲ್ಕನೆಯದೂ ಬೇಕು. ಮೊಬೈಲಿನ ಸಾಧಾರಣ ಗಡಿಯಾರದ ತಪ್ಪನ್ನು ತಿದ್ದಲು ಅದು ನೆರವಾಗುತ್ತದೆ.

ಇನ್ನು ಕಾಯುವುದೇಕೆ? ಪ್ರತಿ ಉಪಗ್ರಹವೂ ತಾನೆಲ್ಲಿದ್ದೇನೆ ಎಂಬ ವಿವರವನ್ನು ಸೆಕೆಂಡಿಗೆ 50 ಬಿಟ್‌ಗಳಂತೆ, ಅಂದರೆ ಬಲು ನಿಧಾನವಾಗಿ ಹೇಳುತ್ತದೆ. ಅದಕ್ಕೆ ಸುಮಾರು 30 ಸೆಕೆಂಡು ಹಿಡಿಯುತ್ತದೆ. ನಡುವೆ ಮರ, ಗೋಡೆ ಅಡ್ಡ ಬಂದರೆ ತಪ್ಪಿದ ಭಾಗಕ್ಕೆ ಮತ್ತೆ ಕಾಯಬೇಕು. ಇಂಟರ್ನೆಟ್ ಇದ್ದಾಗ ಫೋನು ಈ ವಿವರವನ್ನು ಅದರಿಂದಲೇ ಪಡೆಯುವುದರಿಂದ ಕೆಲವೇ ಸೆಕೆಂಡು ಸಾಕು. ಅವಸರಪಟ್ಟು ಆಫ್ ಮಾಡಿ ಆನ್ ಮಾಡಬೇಡಿ.

ನಮ್ಮ ದೇಶಕ್ಕೂ ನಾವಿಕ್ ಎಂಬ ಸ್ವಂತ ವ್ಯವಸ್ಥೆ ಇದೆ. ಅದರ ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು. ಅದರ ಸಂಚಾರ ಕೇಂದ್ರ ಬೆಂಗಳೂರಿನ ಸಮೀಪದ ಬ್ಯಾಲಾಳಿನಲ್ಲಿದೆ. ಹೆಚ್ಚಿನ ಮೊಬೈಲುಗಳು ಕೇಳಬಲ್ಲ ಎಲ್1 ಎಂಬ ತರಂಗವನ್ನು ಅದಕ್ಕೆ ಸೇರಿಸಿದ್ದು 2023ರ ಮೇ 29ರಂದು ಉಡಾಯಿಸಿದ ಎನ್‌ವಿಎಸ್-01 ಉಪಗ್ರಹದಲ್ಲಿ.

ಮಾಡಿ ನೋಡಿ: ಮನೆಯ ಹಿರಿಯರ ಫೋನಿನಲ್ಲಿ ಲೊಕೇಶನ್ ಆನ್ ಮಾಡಿ, ಬಯಲಿನಲ್ಲಿ ನಿಂತು ದಿಕ್ಸೂಚಿ ಆ್ಯಪ್ ತೆರೆಯಿರಿ. ಕೆಲವು ಫೋನುಗಳಲ್ಲಿ ಅಲ್ಲಿಯೇ ಸಂಖ್ಯೆಗಳಿರುತ್ತವೆ. ಹತ್ತರಗಿಯಲ್ಲಾದರೆ ಅಕ್ಷಾಂಶ 16ರ ಆಸುಪಾಸು, ರೇಖಾಂಶ 74ರಿಂದ ಶುರು. ಒಂದು ಅಕ್ಷಾಂಶ ಸುಮಾರು 111 ಕಿ.ಮೀ. ಹಾಗಾದರೆ ದಶಮಾಂಶ ಚುಕ್ಕೆಯ ನಂತರದ ನಾಲ್ಕನೆಯ ಅಂಕಿ ಒಂದು ಬದಲಾದರೆ ಎಷ್ಟು ಮೀಟರ್? ಲೆಕ್ಕ ಮಾಡಿ. ಐದನೆಯ ಅಂಕಿ ನೀವು ನಿಂತಲ್ಲೇ ನಿಂತರೂ ಕುಣಿಯುತ್ತಿರುತ್ತದೆ. 112ಕ್ಕೆ ಹೇಳುವಾಗ ನಾಲ್ಕು ಅಂಕಿ ಸಾಕು. ಕಬ್ಬು ನಿಮಗಿಂತ ಎತ್ತರವಿದ್ದರೆ ಬದುವಿಗೆ ಬಂದು ಫೋನು ಹಿಡಿಯಿರಿ.